ಎಲ್ಲಿಗೆ ಹೋದನೆಂದು ಬರೆದಿದ್ದೀರಿ?

ನನ್ನ ತಂಗಿಯ ಮೊಮ್ಮಗಳು ಶ್ರಾವ್ಯ ಹೈದರಾಬಾದಿನ ಮಾದಾಪುರದ ಒಂದು ಕಂಪನಿಗೆ ಸೇರಿದ್ದಾಳೆ. ಯಾವ ಪತ್ರಿಕೆ, ಯಾವ ಚಾನೆಲ್ಲು ಯಾರ ಬಗ್ಗೆ ಏನು ಹೇಳಿತು ಎಂದು ದಿನವಿಡೀ ಪರದೆ ನೋಡಿ ಪಟ್ಟಿ ಮಾಡುವುದು ಅವಳ ಕೆಲಸವಂತೆ. "ಇದು ಭಾಳ ಹೊಸಾ ಫೀಲ್ಡು ಅಜ್ಜಿ, ನಿನಗ ತಿಳಿಯೂದಿಲ್ಲ" ಅಂದಳು. ಅದೇ ಕೆಲಸವನ್ನು ನಾನು ಒಂದು ಕತ್ತರಿ, ಒಂದು ಬಟ್ಟಲು ಮೈದಾ ಅಂಟು ಇಟ್ಟುಕೊಂಡು ಇಪ್ಪತ್ತೊಂಬತ್ತು ವರ್ಷ ಮಾಡಿದ್ದೇನೆ ಅಂದರೆ ಅವಳು ನಂಬಲಿಲ್ಲ. ಅವಳಿಗೂ ಅವಳಂಥವರಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಏನಾದರೂ ಉಪದೇಶ ಸಿಕ್ಕೀತೆಂದು ಓದಲು ಕುಳಿತವರು ಇಲ್ಲಿಗೇ ಎದ್ದು ಹೋಗಬಹುದು. ಈ ಕೆಲಸದಲ್ಲಿ ನಾನು ಕಲಿತದ್ದು ಕಡಿಮೆ, ಗಲಿಬಿಲಿಗೊಂಡದ್ದೇ ಹೆಚ್ಚು.

ಅದು ಸರಕಾರದ ಒಂದು ಕಚೇರಿ, ಹೆಸರು ಬೇಡ. ಅದರ ಹಿಂಭಾಗದಲ್ಲಿ ಕತ್ತರಿಕೆ ವಿಭಾಗ ಎಂಬ ಉದ್ದನೆಯ ಕೋಣೆಯಿತ್ತು. ಬೆಳಿಗ್ಗೆ ಏಳಕ್ಕೆ ಪತ್ರಿಕೆಗಳ ಕಟ್ಟು ಬಂದು ಬೀಳುತ್ತಿತ್ತು. ಹತ್ತರೊಳಗೆ ಎಲ್ಲವನ್ನೂ ಓದಿ, ಬೇಕಾದ ಸುದ್ದಿಗೆ ಕೆಂಪು ಗೆರೆ ಎಳೆದು, ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಸಾರಾಂಶ ಬರೆದು ದೊಡ್ಡವರ ಮೇಜಿಗೆ ಕಳಿಸಬೇಕು. ದೊಡ್ಡವರು ಪತ್ರಿಕೆ ಓದುವುದಿಲ್ಲ ಎಂಬುದು ನನಗೆ ಮೊದಲ ವಾರದಲ್ಲೇ ತಿಳಿಯಿತು. ಅವರು ನನ್ನ ಎರಡು ಸಾಲು ಓದುತ್ತಾರೆ, ಅಷ್ಟೆ.

ನಮ್ಮದು ರಾಯಚೂರು ಕಡೆಯ ಮನೆತನ. ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದು ಕಾಚಿಗೂಡದಲ್ಲಿ ನೆಲೆಸಿದವರು. ಮನೆಯಲ್ಲಿ ಕನ್ನಡ; ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್. ಅಪ್ಪ ಉರ್ದು ಓದಿ ನೌಕರಿ ಮಾಡಿದವರಾದ್ದರಿಂದ ನನಗೂ ಹಠ ಹಿಡಿದು ಕಲಿಸಿದ್ದರು. ಸಂದರ್ಶನದಲ್ಲಿ ಐದು ಪತ್ರಿಕೆ ಮುಂದಿಟ್ಟು ಓದಿಸಿದರು, ಓದಿದೆ. ಐದು ಲಿಪಿ ಬಲ್ಲ ಹುಡುಗಿ ಎಂದು ಅಲ್ಲೇ ಆಯ್ಕೆ ಮಾಡಿದರು. ಐದು ಲಿಪಿ ಬಂದರೆ ಐದು ಪಟ್ಟು ತಿಳಿಯುತ್ತದೆ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಬಡ್ತಿಯ ಮಾತು ಬಿಡಿ. ನಾನು ಕೂತ ಕುರ್ಚಿ ಬದಲಾಯಿತು, ಕಿಟಕಿ ಬದಲಾಗಲಿಲ್ಲ. ತಪ್ಪುಗಳ ಮಾತು ಹೇಳುತ್ತೇನೆ. ಈ ಕೆಲಸದ ಮೊದಲ ನಿಯಮ, ಪ್ರತಿ ಪತ್ರಿಕೆಯ ಎರಡು ಪ್ರತಿ ತರಿಸಬೇಕು. ಯಾಕೆಂದರೆ ಕಾಗದಕ್ಕೆ ಎರಡು ಮುಖ. ಈ ಪುಟದ ಸುದ್ದಿ ಕತ್ತರಿಸಿದರೆ ಅದರ ಬೆನ್ನಿಗಿದ್ದ ಸುದ್ದಿ ಸತ್ತ ಹಾಗೆ. ಇದು ನನಗೆ ತಿಳಿಯುವ ಮೊದಲೇ ಒಂದು ಕುಡಿಯುವ ನೀರಿನ ಸುದ್ದಿಯನ್ನು ಬಹಳ ಅಂದವಾಗಿ ಕತ್ತರಿಸಿ, ಉಳಿದ ಪತ್ರಿಕೆಯನ್ನು ಒಬ್ಬ ಹಿರಿಯ ಅಧಿಕಾರಿಯ ಕೋಣೆಗೆ ಕಳಿಸಿದ್ದೆ. ಅವರ ತಾಯಿಯ ಶ್ರದ್ಧಾಂಜಲಿಯ ಫೋಟೋ ಅದೇ ಜಾಗದ ಹಿಂದಿನ ಪುಟದಲ್ಲಿತ್ತು. ಅವರಿಗೆ ತಲುಪಿದ್ದು ತಾಯಿಯ ಕುತ್ತಿಗೆಯಿಂದ ಕೆಳಗಿನ ಭಾಗ ಮಾತ್ರ. ಕರೆಸಿ ಬೈದರು. ನಾನು ಅತ್ತೆ, ಆಮೇಲೆ ಕ್ಯಾಂಟೀನಿಗೆ ಹೋಗಿ ಯಾರಿಗೂ ಕಾಣದಂತೆ ನಕ್ಕೆ.

ನಮ್ಮ ವಿಭಾಗದ ಮೇಲಿನವರು ಮೂರ್ತಿಗಾರು, ಗೋದಾವರಿ ಕಡೆಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಸ್ತ್ರಿ ಮಾಡಿದಂಥದ್ದೇ ತೆಲುಗು. ಅವರು ಸಾರಾಂಶಕ್ಕೆ ಮೂರು ಕಾಲಂ ಹಾಕಿಕೊಟ್ಟಿದ್ದರು: ಏನಾಯಿತು, ಎಷ್ಟು ಮಂದಿ, ಯಾರು ಹೇಳಿದರು. ಇದು ನಿಜವೇ ಎಂಬ ಕಾಲಂ ಇರಲಿಲ್ಲ. ಒಮ್ಮೆ ಕೇಳಿಯೂ ಕೇಳಿದೆ. "ಗಿರಿಜಮ್ಮಾ, ನೀವು ಅಂಟಿಸುವವರು, ನಾನು ಸಹಿ ಮಾಡುವವನು. ನಿಜ ನೋಡಿಕೊಳ್ಳುವವರು ಬೇರೆ ಇದ್ದಾರೆ" ಎಂದರು. ಆ ಬೇರೆಯವರು ಯಾರು ಎಂದು ನನಗೆ ನಿವೃತ್ತಿಯ ದಿನದವರೆಗೂ ಗೊತ್ತಾಗಲಿಲ್ಲ.

ಒಂದು ಸಲ ಮಾತ್ರ ಮೂರ್ತಿಗಾರು ತಾವಾಗಿ ವಿಚಾರಿಸಿದ್ದುಂಟು. ಬೇಗಂ ಬಜಾರಿನಲ್ಲಿ ಒಂದು ಮೆಣಸಿನಕಾಯಿ ಗೋದಾಮಿನ ಮಾಡು ಕುಸಿದಿತ್ತು. ಇಂಗ್ಲಿಷ್ ಪತ್ರಿಕೆಯಲ್ಲಿ ಮೂವರಿಗೆ ಗಾಯ, ಉರ್ದುವಿನಲ್ಲಿ ಏಳು, ಸಂಜೆಯ ಪತ್ರಿಕೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಮೂರ್ತಿಗಾರು ಆ ವಾರ್ಡಿನ ಅಧಿಕಾರಿಗೇ ಫೋನು ಹಚ್ಚಿದರು. ಆತ ಬಹಳ ವಿನಯದಿಂದ, "ನಿಮ್ಮ ಕಚೇರಿಯ ಕತ್ತರಿಕೆ ಇನ್ನೂ ಬಂದಿಲ್ಲ ಸರ್, ಬಂದ ಮೇಲೆ ನೋಡಿ ಹೇಳುತ್ತೇನೆ" ಎಂದನಂತೆ. ನಮ್ಮ ಟೈಪಿಸ್ಟ್ ಯಾದಗಿರಿ ಇದನ್ನು ವಾರವಿಡೀ ಹೇಳಿಕೊಂಡು ನಕ್ಕ. ನಾನೂ ನಕ್ಕೆ. ಇಂಥದ್ದಕ್ಕೆ ಒಮ್ಮೆ ನಾನೇ ಸಿಕ್ಕಿಬೀಳುತ್ತೇನೆ ಎಂದು ತಿಳಿದಿದ್ದರೆ ನಗುತ್ತಿರಲಿಲ್ಲ.

ಊರಿನ ಅಂಚಿನ ನಾಚಾರಂನಲ್ಲಿ ಒಂದು ಸಣ್ಣ ಕಾರ್ಖಾನೆ ಇತ್ತು, ಬಣ್ಣಕ್ಕೆ ಬೆರೆಸುವ ಥಿನ್ನರನ್ನು ಡಬ್ಬಿಗೆ ತುಂಬುವುದು. ಒಂದು ಮಧ್ಯಾಹ್ನ ಅಲ್ಲಿ ಬೆಂಕಿ ಹತ್ತಿ ಐದು ಹೆಣ ಸಿಕ್ಕವು. ಸುತ್ತಲಿನ ಬಸ್ತಿಯಲ್ಲಿ ಇದ್ದವರೆಲ್ಲ ಗುಲ್ಬರ್ಗ, ಬೀದರ್ ಕಡೆಯಿಂದ ಕೂಲಿಗೆ ಬಂದ ನಮ್ಮ ಮಂದಿಯೇ. ಮನೆಗೊಬ್ಬರು ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ನಾಲ್ಕು ಹೆಣಗಳ ಗುರುತು ಅಂದೇ ಸಿಕ್ಕಿತು. ಐದನೆಯದು ಯಾರದೆಂದು ಹೇಳುವಂತಿರಲಿಲ್ಲ. ಕಾರ್ಖಾನೆಯ ಹಾಜರಿ ಪುಸ್ತಕ ಸುಟ್ಟಿತ್ತು, ಮಾಲೀಕ ನಾಪತ್ತೆ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತವರಲ್ಲಿ ಇಬ್ಬರನ್ನೋ ಮೂವರನ್ನೋ ಹೆಸರೂ ಬರೆಯದೆ ಒಳಗೆ ಕರೆದುಕೊಳ್ಳುತ್ತಿದ್ದರಂತೆ; ಹೀಗಾಗಿ ಒಳಗೆ ಎಷ್ಟು ಮಂದಿ ಇದ್ದರು ಎಂದೇ ಯಾರಿಗೂ ಗೊತ್ತಿಲ್ಲ. ಓಡಿ ಬದುಕಿದವರಲ್ಲಿ ಒಬ್ಬ ಹನ್ನೆರಡು ಅಂದ, ಇನ್ನೊಬ್ಬ ಹದಿನಾಲ್ಕು ಅಂದ.

ಆ ಮೇಲೆ ಸಿಗದೆ ಹೋದವನು ಶರಣಪ್ಪ. ಚಿತ್ತಾಪುರ ಕಡೆಯವನು, ಅಲ್ಲಿ ಆರು ವರ್ಷದಿಂದ ಕೆಲಸ. ಐದನೆಯ ಹೆಣ ಅವನದೋ ಅಥವಾ ಗೇಟಿನಿಂದ ಅಂದೇ ಬಂದ ಯಾವನೋ ಹೆಸರಿಲ್ಲದವನದೋ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲವನು ಒಬ್ಬನೇ ಇದ್ದ, ಗೇಟಿನ ಕಾವಲುಗಾರ ಮಲ್ಲಯ್ಯ. ಅವನು ಪತ್ರಿಕೆಯವರಿಗೆ ಹೇಳಿದ್ದು ಎರಡೇ ಪದ: "ಶರಣಪ್ಪ ಪೋಯಿಂಡು."

ತೆಲುಗು ಬಾರದವರಿಗೆ ಹೇಳುತ್ತೇನೆ. ಪೋಯಿಂಡು ಅಂದರೆ ಹೋದ. ನಮ್ಮಲ್ಲಿ ಹೋದ ಅಂದರೆ ಹೊರಟುಹೋದ, ಸತ್ತುಹೋದ ಎರಡೂ ಆಗುತ್ತದಲ್ಲ, ಅಲ್ಲಿಯೂ ಹಾಗೆಯೇ. ಆದರೆ ಮಲ್ಲಯ್ಯನ ತೆಲಂಗಾಣದ ತೆಲುಗಿನಲ್ಲಿ ಪೋವುದು ದಿನನಿತ್ಯದ ಮಾತು. ಸಂತೆಗೆ ಪೋತಾರೆ, ಕೆಲಸಕ್ಕೆ ಪೋತಾರೆ. ಮೂರ್ತಿಗಾರು ಮುಂತಾದ ಆಂಧ್ರ ಕರಾವಳಿಯವರಿಗೆ ಮನುಷ್ಯರು ಎಲ್ಲಿಗಾದರೂ ಹೋಗಲು ಬೇರೆ ಪದ ಉಂಟು. ಪೋಯಿಂಡು ಅವರ ಬಾಯಲ್ಲಿ ಪೋಯಾಡು; ಮನುಷ್ಯನೊಬ್ಬ ಪೋಯಾಡು ಅಂದರೆ ಅವರು ಚಪ್ಪಲಿ ಬಿಟ್ಟು ಮುಖ ಸಪ್ಪೆ ಮಾಡಿಕೊಂಡು ಒಳಗೆ ಬರುತ್ತಾರೆ. ಒಂದು ರಾಜ್ಯ, ಒಂದು ಭಾಷೆ, ಹೋದವನು ಮಾತ್ರ ಎರಡು ಕಡೆಗೆ ಹೋಗುತ್ತಿದ್ದ.

ಮರುದಿನ ಬೆಳಿಗ್ಗೆ ಎರಡು ತೆಲುಗು ಪತ್ರಿಕೆಗಳಲ್ಲಿ ಆ ಸುದ್ದಿ ಇತ್ತು. ತೆಲಂಗಾಣದವನೇ ಬರೆದ ಸಣ್ಣ ಪತ್ರಿಕೆಯಲ್ಲಿ, ಬೆಂಕಿಗೆ ಮುಂಚೆಯೇ ಶರಣಪ್ಪ ಹೊರಟುಹೋಗಿದ್ದನೆಂದು ಕಾವಲುಗಾರ ಹೇಳಿದ್ದಾನೆ ಎಂದಿತ್ತು. ದೊಡ್ಡ ಪತ್ರಿಕೆಯಲ್ಲಿ ಒಳಪುಟದಲ್ಲಿ ವಿವರ. ಅದನ್ನು ಓದಿದ್ದು ನೆನಪಿದೆ. ಅದರಲ್ಲಿ ಶರಣಪ್ಪ ಸತ್ತನೆಂದಿತ್ತು ಎಂದು ನನ್ನ ತಲೆಯಲ್ಲಿ ಉಳಿಯಿತು. ಆದರೆ ಅಂದು ದೊಡ್ಡ ಪತ್ರಿಕೆಯ ಒಂದೇ ಪ್ರತಿ ಬಂದಿತ್ತು. ಆ ವಿವರದ ಬೆನ್ನಿಗೆ ಸರಿಯಾಗಿ ನಮ್ಮ ಮಂತ್ರಿಗಳು ಒಂದು ಸಮುದಾಯ ಭವನದ ರಿಬ್ಬನ್ ಕತ್ತರಿಸುವ ಫೋಟೋ. ಮಂತ್ರಿಗಳ ಕಡೆಯಿಂದ ಫೋಟೋ ಬೇಕೆಂದು ಎಂಟೂವರೆಯಿಂದಲೇ ಫೋನು. ಫೋಟೋ ಕತ್ತರಿಸಿದೆ. ಬೆಂಕಿಯ ಸುದ್ದಿಯನ್ನು ಆಮೇಲೆ ಕೈಯಿಂದ ನಕಲು ಮಾಡಿಕೊಂಡರಾಯಿತು ಎಂದುಕೊಂಡೆ. ಮರೆತೆ. ಅಂಟು ಹಚ್ಚಿ ಮಂತ್ರಿಗಳನ್ನು ಹಾಳೆಗೆ ಒತ್ತಿದೆ, ಶರಣಪ್ಪ ಕೆಳಗೆ ಮುಚ್ಚಿಹೋದ. ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಬೆಂಕಿಯ ಫೈಲಿಗೆ ಹೀಗೆ ಸಣ್ಣ ಪತ್ರಿಕೆಯ ಸುದ್ದಿ ಒಂದೇ ಹೋಯಿತು. ಯಾರು ಹೇಳಿದರು ಎಂಬ ಕಾಲಂನಲ್ಲಿ ಕಾವಲುಗಾರ ಎಂದು ಬರೆದೆ. ಸತ್ತವರ ಪಟ್ಟಿ ಮಾಡಲು ನೇಮಿಸಿದ ಅಧಿಕಾರಿಗೆ ಹಾಜರಿ ಪುಸ್ತಕವಿಲ್ಲ, ಮಾಲೀಕನಿಲ್ಲ. ಆತ ನಮ್ಮ ಫೈಲು ತರಿಸಿಕೊಂಡು ನೋಡಿ, ಶರಣಪ್ಪನನ್ನು ಸತ್ತವರ ಪಟ್ಟಿಗೆ ಸೇರಿಸದೆ ಬಿಟ್ಟ.

ನಾಲ್ಕನೆಯ ದಿನ ಹನ್ನೊಂದರ ಹೊತ್ತಿಗೆ ಒಬ್ಬ ಹೆಣ್ಣುಮಗಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಹೆಸರು ಮಾದೇವಿ, ಶರಣಪ್ಪನ ಹೆಂಡತಿ. ಪಟ್ಟಿಯ ಅಧಿಕಾರಿಯ ಕಚೇರಿಯಲ್ಲಿ ಯಾರೋ, ಇದು ಪೇಪರು ಕತ್ತರಿಸುವ ಕನ್ನಡದ ಅಮ್ಮನವರ ಕಾಗದ, ಅಲ್ಲಿಗೇ ಹೋಗು ಎಂದು ದಾರಿ ತೋರಿಸಿದ್ದರು.

"ಬಾಯಾರ, ನನ್ನ ಗಂಡ ಹೋಗ್ಯಾನಂತ ನೀವ ಬರದೀರಂತಲ್ರಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲಿಗೆ ಹೋಗ್ಯಾನಂತ ಬರದೀರಿ?"

ನಾನು ಬರೆದದ್ದಲ್ಲ, ಪತ್ರಿಕೆಯವರು ಬರೆದದ್ದು, ಪತ್ರಿಕೆಯವರಿಗೆ ಕಾವಲುಗಾರ ಹೇಳಿದ್ದು ಎಂದೆ. ಹೇಳುತ್ತಿದ್ದ ಹಾಗೆ ನನಗೇ ಅದು ಜಾರಿಕೊಳ್ಳುವ ಮಾತಾಗಿ ಕೇಳಿಸಿತು.

"ದವಾಖಾನ್ಯಾಗ ಒಂದ ಹೆಣ ಉಳದೈತ್ರಿ. ಅಂವಂದ ಅಂತ ನನಗ ಅನಸ್ತೈತಿ. ಕೊಡ್ರಿ ಅಂದ್ರ, ನಿನ್ನ ಗಂಡ ಸತ್ತಿಲ್ಲ, ಪೇಪರಿನ್ಯಾಗ ಬಂದೈತಿ ಅಂತಾರ. ನಾಡದ ಮುನಸಿಪಾಲ್ಟಿಯವರು ಒಯ್ದು ಸುಟ್ಟ ಬಿಡ್ತಾರಂತ. ನಮ್ಮಾಗ ಸುಡೂದಿಲ್ರಿ, ಮಣ್ಣ ಮಾಡೂದು." ಕೈಯ ಬಳೆಗಳನ್ನು ಮೇಲೆ ಸರಿಸಿ ಮತ್ತೆ ಕೆಳಗೆ ಬಿಟ್ಟಳು. "ಈ ಬಳಿ ಇಟ್ಟರ ಓಣ್ಯಾಗ ಒಂದ ಮಾತು, ತಗದ್ರ ಒಂದ ಮಾತು. ನಾ ಏನ ಮಾಡ್ಲಿ ಹೇಳ್ರಿ. ನೀವು ಓದಿದವರದೀರಿ."

ಓದಿದವಳು ನಾನು. ಐದು ಲಿಪಿ ಓದಿದವಳು. ಅರ್ಧ ದಿನದ ರಜೆ ಬರೆದುಕೊಟ್ಟು ಅವಳೊಂದಿಗೆ ಬಸ್ಸು ಹತ್ತಿದೆ. ಇನ್ನೊಂದು ಪತ್ರಿಕೆಯಲ್ಲೂ ಸುದ್ದಿ ಇತ್ತು, ಅದನ್ನು ನಾನು ಫೈಲಿಗೆ ಹಾಕಲಿಲ್ಲ ಎಂದು ದಾರಿಯಲ್ಲಿ ಹೇಳಿದೆ. ಅಲ್ಲಿಯವರೆಗಿನ ನೌಕರಿಯಲ್ಲಿ ಪತ್ರಿಕೆಯಲ್ಲಿ ಹೆಸರು ಬಂದ ಒಬ್ಬ ಮನುಷ್ಯನನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ.

ಮಲ್ಲಯ್ಯ ಕಾರ್ಖಾನೆಯ ಕರಕಲು ಗೇಟಿನ ಮುಂದೆ ಒಂದು ಸ್ಟೂಲಿನ ಮೇಲೆ ಕುಳಿತಿದ್ದ. ಕಾಯಲು ಒಳಗೆ ಏನೂ ಉಳಿದಿರಲಿಲ್ಲ. ಮುದುಕ, ಕಣ್ಣು ಕೆಂಪಗಿದ್ದವು. ನನ್ನನ್ನೂ ಯಾರೋ ಅಧಿಕಾರಿ ಎಂದುಕೊಂಡು ಎದ್ದು ನಿಂತ. ತೆಲುಗಿನಲ್ಲಿ ಕೇಳಿದೆ: ಶರಣಪ್ಪನ ವಿಷಯ ನೀನು ಏನು ಹೇಳಿದೆ?

"ಪೋಯಿಂಡಮ್ಮಾ" ಅಂದ.

"ಯಾಡಿಕಿ ಪೋಯಿಂಡು?" ಅಂದೆ. ಎಲ್ಲಿಗೆ ಹೋದ?

ಅವನು ಮಾದೇವಿಯ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ, ಮನೆಗೆ ಹೋದ ಎಂದು ಪೇಪರಿನಲ್ಲಿ ಬಂದಿದೆಯಂತಲ್ಲ ಅಮ್ಮಾ, ಟೀ ಅಂಗಡಿಯಲ್ಲಿ ಓದಿ ಹೇಳಿದರು ಅಂದ. ಪೇಪರು ಬಿಡು, ನೀನು ಏನು ಕಂಡೆ ಎಂದೆ. ಗೇಟಿನಲ್ಲಿ ಯಾರೋ ಒಬ್ಬ ಹೊರಗೆ ಹೋದದ್ದು ಕಂಡೆ ಎಂದ. ಶರಣಪ್ಪನೇ? ಇರಬಹುದು. ಬೆಂಕಿಗೆ ಮುಂಚೆಯೇ? ಮುಂಚೆಯೇ ಎಂದು ಪೇಪರಿನಲ್ಲಿದೆಯಲ್ಲ. ಹಾಗಾದರೆ ಪತ್ರಿಕೆಯವರಿಗೆ ಹೇಳುವಾಗ ಯಾವ ಅರ್ಥದಲ್ಲಿ ಹೇಳಿದೆ? ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಅಂದಿನಿಂದ ಪೊಲೀಸರು, ಪತ್ರಿಕೆಯವರು, ಸತ್ತವರ ಮನೆಯವರು ಸೇರಿ ಎಷ್ಟೋ ಸಲ ಇದನ್ನೇ ಕೇಳಿದ್ದಾರೆ, ಪ್ರತಿಸಲ ಹೇಳುವಾಗಲೂ ಅದು ಬೇರೆಯಾಗಿ ಕಾಣುತ್ತದೆ, ಈಗ ನಾನು ಕಂಡದ್ದು ಯಾವುದು, ಅವರು ಓದಿ ಹೇಳಿದ್ದು ಯಾವುದು ಎಂದು ನನಗೇ ತಿಳಿಯುವುದಿಲ್ಲ ತಾಯಿ, ಎಂದು ಅಳಲು ಶುರುಮಾಡಿದ. ಪತ್ರಿಕೆಗೆ ಇವನು ಆಧಾರ, ಇವನಿಗೆ ಪತ್ರಿಕೆ ಆಧಾರ. ಅವನ ಸ್ಟೂಲಿನ ಮೇಲೆ ನಾನೇ ಕುಳಿತುಬಿಟ್ಟೆ.

ಮಾದೇವಿ ಅಳಲಿಲ್ಲ. "ಆ ಇನ್ನೊಂದ ಪೇಪರಿನ್ಯಾಗ ಏನೈತ್ರಿ?" ಅಂದಳು.

ಮಂತ್ರಿಗಳ ಫೋಟೋದ ಹಾಳೆ ಅವರು ನೋಡಿದ ಮೇಲೆ ಕಚೇರಿಗೇ ವಾಪಸು ಬಂದಿತ್ತು. ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆ ಹಾಕಿ, ಅಂಟು ನೆನೆಯಲು ಬಿಟ್ಟು, ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿದೆ. ಯಾದಗಿರಿ ಹಿಂದೆ ನಿಂತು ನೋಡುತ್ತಿದ್ದ. ಬೆನ್ನಿನ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಸತ್ತನೆಂದು ಓದಿದ್ದೆನಲ್ಲ, ಹಾಗಿರಲಿಲ್ಲ. ಗುರುತು ಸಿಗದ ಹೆಣ ಒಂದಿದೆ ಎಂದಿತ್ತು. ಅದರ ಕೆಳಗೆ ಒಂದೇ ಸಾಲು: ಶರಣಪ್ಪ ಪೋಯಾಡು ಎಂದು ಕಾವಲುಗಾರ ತಿಳಿಸಿದ್ದಾನೆ. ಮುದುಕನ ಮಾತನ್ನು ಪುಸ್ತಕದ ತೆಲುಗಿಗೆ ತಿದ್ದಿದ್ದರು, ಅಷ್ಟೇ. ಸತ್ತ ಎಂಬ ಪದವನ್ನು ಸೇರಿಸಿಕೊಂಡು ಓದಿದ್ದು ನಾನು. ಇಷ್ಟು ವರ್ಷ ಓದಿದ ಉಳಿದ ಸುದ್ದಿಗಳಲ್ಲಿ ಹೀಗೆ ಎಷ್ಟು ಸೇರಿಸಿಕೊಂಡಿದ್ದೆನೋ ಎಂದು ಹೆದರಿಕೆಯಾಯಿತು.

ಹಾಳೆಯನ್ನು ಮೂರ್ತಿಗಾರರ ಮುಂದೆ ಇಟ್ಟು ನಡೆದದ್ದೆಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಆ ಸಾಲನ್ನು ಓದಿ, "ಇದರಲ್ಲಿ ಸಂದೇಹವೇನು? ಮನುಷ್ಯ ಪೋಯಾಡು ಅಂದರೆ ಪೋಯಾಡೇ. ಪಾಪ" ಅಂದರು.

ಯಾದಗಿರಿ ನಲ್ಲಗೊಂಡ ಕಡೆಯವನು. ಬಾಗಿಲಲ್ಲೇ ನಿಂತು, "ಸಾರ್, ನಮ್ಮ ಮನೆಯಲ್ಲಿ ಎಲ್ಲರೂ ದಿನಾ ಬೆಳಿಗ್ಗೆ ಪೋತಾರೆ, ಸಂಜೆಗೆ ವಾಪಸು ಬರ್ತಾರೆ" ಅಂದ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಂದು ಮೂರ್ತಿಗಾರರ ಮುಖ ಕೆಂಪಾಯಿತು. ನಿಮ್ಮ ತೆಲುಗು, ನಮ್ಮ ತೆಲುಗು ಎಂದು ಎರಡು ಮಾತು ಹತ್ತಿಕೊಂಡವು. ಕಡೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಸಾರಾಂಶ ಬರೆಯುವವಳು ನಾನು. ಫೈಲಿಗೆ ಹೋಗುವುದು ನನ್ನ ಇಂಗ್ಲಿಷು.

ಹೊರಟುಹೋದ ಎಂದು ಬರೆದರೆ ನಾಳೆ ಆ ಹೆಣವನ್ನು ಸುಡುತ್ತಾರೆ. ಮಾದೇವಿ ಹಸಿರು ಬಳೆ ಹಾಕಿಕೊಂಡು ಎಷ್ಟು ವರ್ಷ ಬಾಗಿಲು ಕಾಯುತ್ತಾಳೋ. ಸತ್ತ ಎಂದು ಬರೆದರೆ ಅವಳಿಗೆ ಮಣ್ಣು ಮಾಡಲು ಒಂದು ದೇಹ ಸಿಗುತ್ತದೆ. ಆದರೆ ಬದುಕಿರುವ ಒಬ್ಬನನ್ನು ಸಾಯಿಸಿದ ಹಾಗಾದರೆ? ಇನ್ನೊಬ್ಬಳ ಗಂಡನನ್ನು ಇವಳ ಕೈಗೆ ಕೊಟ್ಟ ಹಾಗಾದರೆ? ಎರಡೂ ಅರ್ಥವನ್ನು ಬರೆದು ತೀರ್ಮಾನ ಮೇಲಿನವರಿಗೆ ಬಿಡಬಹುದಿತ್ತು. ಅದೇ ಸರಿಯಾದ ಕ್ರಮ. ಶ್ರಾವ್ಯ, ನೀನು ಆಗಿದ್ದರೆ ಅದನ್ನೇ ಮಾಡು. ನಾನು ಮಾಡಲಿಲ್ಲ. ಎರಡರ್ಥ ಬರೆದರೆ ಮೇಲಿನವರು ಅದನ್ನು ಪಕ್ಕಕ್ಕಿಟ್ಟು ನಾಡಿದ್ದು ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಸತ್ತನೆಂದು ಬರೆದೆ. ಯಾದಗಿರಿ ಟೈಪು ಮಾಡಿದ. ಮೂರ್ತಿಗಾರು ಸಹಿ ಮಾಡಿದರು.

ಸಂಜೆಯೊಳಗೆ ಹೆಣ ಕೊಟ್ಟರು. ಅವರ ಬಸ್ತಿಯವರೇ ಗುಂಡಿ ತೋಡಿದರು. ಅಯ್ಯನವರು ಬಂದು ವಿಭೂತಿ ಇಟ್ಟರು, ಮುಖ ಎಲ್ಲಿದೆ ಎಂದು ಅಂದಾಜು ಮಾಡಿ. ಮಾದೇವಿ ಒಂದು ಹಿಡಿ ಮಣ್ಣು ಹಾಕಿ ನನ್ನ ಹತ್ತಿರ ಬಂದು, "ಹೌದಲ್ರಿ ಬಾಯಾರ, ಅಂವನಽ?" ಅಂದಳು.

"ಹೌದವ್ವಾ" ಅಂದೆ. ನನಗೆ ಗೊತ್ತಿರಲಿಲ್ಲ.

ಕೆಲಸದ ಪದ್ಧತಿ ಆಮೇಲೆ ಬಹಳ ಬದಲಾಯಿತು. ಗೋಡೆಗೆ ಆರು ಟಿವಿ ಬಂದವು, ಮೈದಾ ಅಂಟು ಹೋಗಿ ಕ್ಯಾಸೆಟ್ಟು ಬಂತು. ಪರದೆಯ ಕೆಳಗೆ ಓಡುವ ಸಾಲನ್ನು ಹಿಡಿದು ಬರೆದುಕೊಳ್ಳುವಷ್ಟರಲ್ಲಿ ಸತ್ತವರ ಸಂಖ್ಯೆ ಎರಡು ಸಲ ಬದಲಾಗಿರುತ್ತಿತ್ತು, ತಪ್ಪಾಯಿತೆಂದು ಯಾರೂ ಹೇಳುತ್ತಿರಲಿಲ್ಲ. ಹೊಸಬರು ಬಂದರು, ಚುರುಕಾಗಿದ್ದರು. ಆ ಅನುಭವಗಳೂ ಉಂಟು. ಆದರೆ ಕಚೇರಿಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ಬಿಟ್ಟು ಅವನ್ನೆಲ್ಲ ಹೇಳಿ ಪ್ರಯೋಜನವಿಲ್ಲ.

ಬೆಂಕಿಯಾಗಿ ಒಂದು ವರ್ಷವಾಗಿತ್ತು. ಊಟದ ಹೊತ್ತು, ಕೋಣೆಯಲ್ಲಿ ನಾನೊಬ್ಬಳೇ. ಫೋನು ಬಂತು. ಯಾರೋ ಕನ್ನಡದಲ್ಲಿ ಮಾತಾಡುತ್ತಿದ್ದಾರೆಂದು ಟೆಲಿಫೋನ್ ಬೋರ್ಡಿನವಳು ನನಗೆ ಕೊಟ್ಟಳು.

"ನಮಸ್ಕಾರ್ರಿ. ಅಲ್ಲಿ ಹಳೆ ಪೇಪರ ಇಟ್ಟಿರ್ತಾರಂತಲ್ರಿ" ಎಂದಿತು ಒಂದು ಗಂಡುದನಿ. "ಹ್ವಾದ ವರ್ಷ ನಾಚಾರಂದಾಗ ಬೆಂಕಿ ಬಿದ್ದಿತ್ತಲ್ಲ, ಅದರಾಗ ತೀರಿಕೊಂಡವರ ಹೆಸರ ಅದಾವೇನ್ರಿ?"

ನಮ್ಮ ಮಾತು ಕೇಳಿ ಖುಷಿಯಾಗಿ ಫೈಲು ತೆಗೆದು ಓದಿದೆ. ನಾಲ್ಕು ಹೆಸರಿಗೆ ಆ ಕಡೆಯಿಂದ ಹ್ಞೂಂ ಎಂದು ಬಂತು. ಐದನೆಯ ಹೆಸರಿಗೆ ಬರಲಿಲ್ಲ.

"ಶರಣಪ್ಪ ಅಂತ ಖಾತ್ರಿ ಐತೇನ್ರಿ?"

"ಮನಿಯವರಿಗೆ ಕೊಟ್ಟಾರ್ರಿ. ಮಣ್ಣ ಆಗೇತಿ."

"ಮನಿಯವರು ಅಂದ್ರ, ಹೆಂಡ್ತಿ?"

"ಹೌದ್ರಿ."

"ಆಕಿ ಒಪ್ಪಿಗೊಂಡ್ಲೇನ್ರಿ?"

"ಒಪ್ಪಿಗೊಂಡಾಳ್ರಿ."

"ಹಂಗಾರ ಆತ ಬಿಡ್ರಿ" ಎಂದು ಫೋನು ಇಟ್ಟರು. ನೀವು ಯಾರು ಎಂದು ನಾನು ಕೇಳಿದ್ದು ಆ ಮೇಲೆ, ಬರೀ ರಿಸೀವರಿಗೆ.

ಅವನೇ ಇರಬಹುದು. ಅಣ್ಣತಮ್ಮ ಇರಬಹುದು, ಊರಿನವನು ಇರಬಹುದು. ಯಾಕೆ ತಾನೇ ಒಬ್ಬ ಮನುಷ್ಯ ಕೆಲಸ, ಹೆಂಡತಿ ಬಿಟ್ಟು ಹೋಗಿ ವರ್ಷದ ಮೇಲೆ ತಾನು ಸತ್ತಿದ್ದೇನೋ ಇಲ್ಲವೋ ಎಂದು ವಿಚಾರಿಸುತ್ತಾನೆ? ಮೂರು ದಿನ ಒದ್ದಾಡಿದೆ. ಹೇಳಿದರೆ ಅವಳ ವರ್ಷದ ನೆಮ್ಮದಿ ಹಾಳು, ಹೇಳದಿದ್ದರೆ ಇನ್ನೊಂದು ಸುದ್ದಿಯನ್ನು ನಾನು ಅಂಟು ಹಚ್ಚಿ ಮುಚ್ಚಿದ ಹಾಗೆ. ನಾಲ್ಕನೆಯ ದಿನ ಭಾನುವಾರ, ನಾಚಾರಂಗೆ ಹೋದೆ.

ಮಾದೇವಿ ಈಗ ಒಂದು ಹಪ್ಪಳದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಕೈ ಬರಿದಾಗಿತ್ತು. ಹೇಳಿದೆ. 'ಬಾಯಾರ' ಎಂದಷ್ಟೇ ಅಂದಳು, ಬಡಿಯುವ ಕೈ ನಿಂತಿತು.

"ಏನೇನ ಅಂದ್ರು, ಹಂಗಹಂಗಽ ಹೇಳ್ರಿ."

ಮಾತು ನನ್ನ ಕಸುಬು. ಫೋನು ಇಟ್ಟ ಕೂಡಲೇ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ. ಅದನ್ನೇ ತೆಗೆದು ಒಂದಕ್ಷರ ಬಿಡದೆ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆಯೂ ಮುಚ್ಚಿಕೊಂಡೇ ಇದ್ದಳು.

"ನಡನಡುವ ಕೆಮ್ಮಿದ್ರೇನ್ರಿ?"

ನನಗೆ ಅರ್ಥವಾಗಲಿಲ್ಲ.

"ಆ ಥಿನ್ನರ್ ವಾಸನಿಗೆ ಎದಿ ಹಿಡದಿತ್ರಿ ಅಂವಗ. ನಾಕ ಮಾತ ಆಡೂದ್ರಾಗ ಎರಡ ಸಲ ಕೆಮ್ಮತಿದ್ದ. ಫೋನಿನ್ಯಾಗ ಮಾತಾಡಿದಾಂವ ಕೆಮ್ಮಿದನೇನು?"

ಚೀಟಿ ನೋಡಿದೆ. ಪ್ರಶ್ನೆಚಿಹ್ನೆಗಳು ಕೂಡ ಸರಿಯಾದ ಜಾಗದಲ್ಲಿದ್ದವು. ಕೆಮ್ಮನ್ನು ಯಾರೂ ಬರೆದುಕೊಳ್ಳುವುದಿಲ್ಲ. ನಾವು ಸುದ್ದಿಯಿಂದ ಮೊದಲು ತೆಗೆದುಹಾಕುವುದೇ ಅಂಥದ್ದನ್ನು. ಜನ್ಮದಲ್ಲಿ ಒಂದೇ ಒಂದು ಸಲ ಸುದ್ದಿಯೇ ನನ್ನ ಕಿವಿಗೆ ಬಂದು ಮಾತಾಡಿತ್ತು, ನಾನು ಪದಗಳನ್ನು ಮಾತ್ರ ಕೇಳಿಸಿಕೊಂಡಿದ್ದೆ.

"ನೆನಪಿಲ್ಲವ್ವಾ" ಅಂದೆ.

ಅವಳು ಒಲೆಯಿಂದ ಹಂಚು ಇಳಿಸಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಎದುರಿಗೆ ಗೋಡೆಗೆ ಒರಗಿ ಕುಳಿತಳು.

"ನೆನಪ ಮಾಡ್ಕೊರಿ ಬಾಯಾರ" ಅಂದಳು. "ಇವತ್ತ ಆಯ್ತವಾರ ಐತಿ, ನನಗೇನೂ ಅವಸರಿಲ್ಲ."